ಹೊಸ್ತಿಲಲ್ಲಿ ನಿಂತ ಬೆಳಕು

ಒಂದೇ ಬೀದಿಯಲ್ಲಿ ಎರಡು ಕಟ್ಟಡಗಳು ಎದುರುಬದುರಾಗಿ ನಿಂತಿವೆಯೆಂದು ಭಾವಿಸೋಣ. ಬೀದಿಯ ನೆಲದಡಿಯಲ್ಲಿ ಆಪ್ಟಿಕಲ್ ಫೈಬರ್, ಎಂದರೆ ಬೆಳಕನ್ನು ಸಾಗಿಸುವ ಗಾಜಿನ ಎಳೆ, ಹಾದುಹೋಗಿದೆ. ಹೊಸ ಕಟ್ಟಡದ ಬಾಲಕನು ಮನೆಯಲ್ಲಿಯೇ ಕುಳಿತು ದೂರದ ಉಪಾಧ್ಯಾಯರ ಪಾಠವನ್ನು ಇಂಟರ್‌ನೆಟ್ಟಿನ ಮೂಲಕ ತಡೆಯಿಲ್ಲದೆ ಕೇಳುತ್ತಾನೆ. ಎದುರಿನ ಹಳೆಯ ನಾಲ್ಕಂತಸ್ತಿನ ಕಟ್ಟಡದ ಬಾಲಿಕೆಗೆ ಆ ಭಾಗ್ಯವಿಲ್ಲ. ಸಾಗರದ ತಳದಲ್ಲಿ ಸಾವಿರಾರು ಮೈಲಿ ಸಾಗಬಲ್ಲ ಬೆಳಕು ಅವಳ ಮನೆಯ ಕೊನೆಯ ನೂರು ಅಡಿಯನ್ನು ದಾಟಲಾರದೆ ಹೋದುದೇಕೆ?

ಎಳೆಯ ಗುಣ

ಕೆರೆಯಲ್ಲಿ ಮುಳುಗಿ ಓರೆಯಾಗಿ ಮೇಲಕ್ಕೆ ನೋಡಿದರೆ ನೀರಿನ ಮೇಲ್ಮೈ ಕನ್ನಡಿಯಂತೆ ತೋರುವುದುಂಟು. ಇದಕ್ಕೆ ಪೂರ್ಣ ಆಂತರಿಕ ಪ್ರತಿಫಲನವೆಂದು ಹೆಸರು. ಫೈಬರಿನ ತಿರುಳು ಸುಮಾರು 9 ಮೈಕ್ರೋಮೀಟರ್ ದಪ್ಪ. ಅದನ್ನು ಸುತ್ತಿದ ಗಾಜಿನ ಹೊದಿಕೆಯ ಹೊರವ್ಯಾಸ 125 ಮೈಕ್ರೋಮೀಟರ್. ಹೊದಿಕೆಯ ವಕ್ರೀಭವನಾಂಕ ತಿರುಳಿನದಕ್ಕಿಂತ ತುಸು ಕಡಿಮೆಯಾದುದರಿಂದ ಬೆಳಕು ತಿರುಳಿನಲ್ಲೇ ಸೆರೆಯಾಗಿ ಮುನ್ನಡೆಯುತ್ತದೆ. ಗಾಜಿನ ಕಲ್ಮಶಗಳನ್ನು ನೀಗಿದರೆ ಅದನ್ನು ಬಹುದೂರ ಕಳುಹಿಸಬಹುದೆಂದು 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕಮ್ ತೋರಿಸಿಕೊಟ್ಟರು. ಇಂದಿನ ಉತ್ತಮ ಎಳೆಯಲ್ಲಿ ಕಿಲೋಮೀಟರಿಗೆ ನೂರರಲ್ಲಿ ಐದು ಪಾಲು ಸಹ ನಷ್ಟವಾಗದು.

ತಿರುವಿನ ತೊಡಕು

ಆದರೆ ಎಳೆಯನ್ನು ಬಿಗಿಯಾಗಿ ಬಾಗಿಸಿದರೆ ಬೆಳಕು ತಿರುಳಿನಿಂದ ಹೊರಕ್ಕೆ ಸೋರುತ್ತದೆ. ತಾಮ್ರದ ಟೆಲಿಫೋನ್ ತಂತಿಗೆ ಈ ನಾಜೂಕು ಇರಲಿಲ್ಲ. ಅದನ್ನು ಗೋಡೆಯ ಮೂಲೆಗೆ ಒತ್ತಿ ಮೊಳೆ ಹೊಡೆಯಬಹುದಾಗಿತ್ತು. ಸಾಮಾನ್ಯ ಫೈಬರಿಗೆ ಸುಮಾರು 30 ಮಿಲಿಮೀಟರ್ ತ್ರಿಜ್ಯದ ತಿರುವು ಬೇಕು. 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಗೊತ್ತುಪಡಿಸಿದ ಹೊಸ ಬಗೆಯ ಎಳೆಗಳಿಗೆ 10 ಅಥವಾ 7.5 ಮಿಲಿಮೀಟರ್ ಸಾಕು. ಒಂದೇ ಎಳೆಯ ಬೆಳಕನ್ನು ವಿದ್ಯುತ್ತಿನ ನೆರವಿಲ್ಲದೆ 32 ಮನೆಗಳಿಗೆ ಹಂಚುವ ಉಪಕರಣವೂ ಇದೆ. ಪ್ರತಿ ಮನೆಗೆ ಮೂವತ್ತೆರಡರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಬೆಳಕು ದೊರೆತರೂ ಅಲ್ಲಿನ ಯಂತ್ರಕ್ಕೆ ಅದು ಸಾಲುತ್ತದೆ. ಭೌತವಿಜ್ಞಾನವು ತನ್ನ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮುಗಿಸಿದೆ.

ಉಳಿದ ಅಡ್ಡಿಗಳು

ಉಳಿದಿರುವುದು ಜಾಗ, ಹಣ ಮತ್ತು ಒಪ್ಪಿಗೆ. ಹಳೆಯ ಕಟ್ಟಡದಲ್ಲಿ ಅಂತಸ್ತಿನಿಂದ ಅಂತಸ್ತಿಗೆ ಏರುವ ಕೊಳವೆ ಇರುವುದಿಲ್ಲ, ಇಲ್ಲವೇ ಹಳೆಯ ತಂತಿಗಳಿಂದ ತುಂಬಿರುತ್ತದೆ. ಒಂದು ಮನೆಯವರು ಸಂಪರ್ಕ ಬೇಡಿದರೂ ಇಪ್ಪತ್ತು ಮನೆಯವರು ಬೇಡಿದರೂ ಮೆಟ್ಟಿಲ ಬದಿಯಲ್ಲಿ ಕೇಬಲನ್ನು ಮೇಲಕ್ಕೆ ಒಯ್ಯುವ ವೆಚ್ಚ ಹೆಚ್ಚುಕಡಿಮೆ ಒಂದೇ. ಆದುದರಿಂದ ಬಡವರು ವಾಸಿಸುವ ಕಟ್ಟಡಗಳ ಸರದಿ ಕೊನೆಗೆ ಬರುತ್ತದೆ. ಸಂಪರ್ಕ ಬೇಕಾಗಿರುವುದು ಬಾಡಿಗೆದಾರನಿಗೆ. ಗೋಡೆ ಕೊರೆಯಲು ಅನುಮತಿ ನೀಡಬೇಕಾದವನು ಮಾಲೀಕ. ಮಾಲೀಕರು ಹಲವರಿದ್ದರೆ ಒಬ್ಬನ ಅಸಮ್ಮತಿಯೇ ಕೆಲಸವನ್ನು ನಿಲ್ಲಿಸಬಹುದು.

ಫ್ರಾನ್ಸಿನಲ್ಲಿ 2008ರ ಶಾಸನವು ಇದಕ್ಕೆ ಒಂದು ದಾರಿ ತೋರಿತು. ಬಾಡಿಗೆದಾರನ ಬೇಡಿಕೆಯನ್ನು ಮಾಲೀಕನು ತಕ್ಕ ಕಾರಣವಿಲ್ಲದೆ ತಳ್ಳಿಹಾಕುವಂತಿಲ್ಲ. ಒಂದು ಸಂಸ್ಥೆ ಕಟ್ಟಡದೊಳಗೆ ಎಳೆದ ಫೈಬರನ್ನು ಇತರ ಸಂಸ್ಥೆಗಳೂ ಬಳಸಲು ಅವಕಾಶವಿರಬೇಕು. ಭಾರತದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ದೃಷ್ಟಿಯಿಂದ ದರ್ಜೆ ನೀಡುವ ನಿಯಮಗಳನ್ನು ಹೊರಡಿಸಿತು.

ಮನೆ ಕಟ್ಟುವವರು ನೀರಿಗೂ ವಿದ್ಯುತ್ತಿಗೂ ಮೊದಲೇ ದಾರಿ ಬಿಡುತ್ತಾರೆ. ಅದರ ಜೊತೆಗೆ ಒಂದು ಬರಿಯ ಕೊಳವೆಯನ್ನು ಸೇರಿಸುವುದು ಅಲ್ಪ ಖರ್ಚಿನ ಕೆಲಸ. ಹಳೆಯ ಕಟ್ಟಡದವರೂ ದುರಸ್ತಿಗೆಂದು ಗೋಡೆಯನ್ನು ಒಡೆದಾಗ ಈ ಮಾತನ್ನು ನೆನೆಯಬೇಕು. ಬೆಳಕು ಬಾಗಿಲಿನವರೆಗೆ ಬಂದಿದೆ. ಒಳಗೆ ಕರೆಯುವ ಹೊಣೆ ನಮ್ಮದು.