ಎಸ್. 795 ಕಾಫಿ ತಳಿ: ಅದರ ಉತ್ಪತ್ತಿಯೂ ರುಚಿಯೂ

ಅರೇಬಿಕ ಕಾಫಿಯನ್ನು ಬೆಳೆಯುವ ಮಲೆನಾಡಿನ ಯಜಮಾನರು ಈ ಲೇಖಕನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು: “ನಮ್ಮ ಎಸ್. 795 ಗಿಡಗಳಿಗೂ ಎಲೆತುಕ್ಕು ಹಿಡಿಯುತ್ತಿರುವುದು. ಅವನ್ನು ಕಿತ್ತು ಬೇರೆ ತಳಿಯನ್ನು ನೆಡಬಹುದೇ?” ಇದಕ್ಕೆ ಉತ್ತರ ಹೇಳುವುದಕ್ಕೆ ಮೊದಲು ಈ ತಳಿಯು ಯಾವ ವಂಶದಿಂದ ಬಂದುದು, ಅದರ ವಿಶೇಷ ಗುಣವೇನು ಎಂಬುದನ್ನು ತಿಳಿಯುವುದು ಅವಶ್ಯಕ.

ಬಾಬಾ ಬುಡನ್ ಅವರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ನಮ್ಮಲ್ಲಿ ರೂಢಿಯಾಗಿರುವ ಪ್ರತೀತಿ. ಮೊದಲ ತೋಟಗಳೆಲ್ಲ ‘ಚಿಕ್ಕ’ ಎಂಬ ತಳಿಯವು. 1869ರಲ್ಲಿ ಸಿಂಹಳದ ತೋಟಗಳಲ್ಲಿ ಕಾಣಿಸಿಕೊಂಡ ಎಲೆತುಕ್ಕು ಬೇಗನೆ ದಕ್ಷಿಣ ಭಾರತಕ್ಕೂ ಹಬ್ಬಿತು. 1911ರಲ್ಲಿ ದೊಡ್ಡೆನಗುಡ್ಡೆ ತೋಟದ ಕೆಂಟ್ ಎಂಬ ದೊರೆಯು ರೋಗಕ್ಕೆ ಜಗ್ಗದ ಗಿಡವೊಂದನ್ನು ಆರಿಸಿದನು. ಅದರ ಸಂತತಿಯೇ ‘ಕೆಂಟ್ಸ್’. ಅದರ ಪಾನೀಯವು ಉತ್ತಮವಾಗಿದ್ದಿತು. ಆದರೆ ತುಕ್ಕಿನ ಬೇರೊಂದು ಪಂಗಡವು ತಲೆದೋರಿದಾಗ ಅದೂ ಸೋತಿತು.

1925ರಲ್ಲಿ ಮೈಸೂರು ಸರ್ಕಾರವು ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕ್ಷೇತ್ರವನ್ನು ಸ್ಥಾಪಿಸಿತು. ಲೈಬೀರಿಕ ಮತ್ತು ಅರೇಬಿಕ ಜಾತಿಗಳು ತಾವಾಗಿಯೇ ಕೂಡಿ ಹುಟ್ಟಿದ್ದ ಎಸ್. 26 ಎಂಬ ಗಿಡದ ಸಂತತಿಯಿಂದ ಎಸ್. 288 ಅನ್ನು ಆರಿಸಲಾಯಿತು. ಇದು ತುಕ್ಕನ್ನು ತಡೆಯಿತು. ಆದರೆ ಬೀಜದಲ್ಲಿ ಲೋಪಗಳು ಹೆಚ್ಚು. ಆದುದರಿಂದ ಇದನ್ನು ಕೆಂಟ್ಸ್ ತಳಿಯೊಡನೆ ಸಂಕರಗೊಳಿಸಲಾಯಿತು. ಹೀಗೆ ಹುಟ್ಟಿ 1940ರ ದಶಕದಲ್ಲಿ ರೈತರ ಕೈಸೇರಿದುದೇ ಎಸ್. 795. ರೋಗ ತಡೆಯುವ ಶಕ್ತಿಯು ಒಂದು ಕಡೆಯಿಂದ, ರುಚಿಯು ಇನ್ನೊಂದು ಕಡೆಯಿಂದ ಬಂದವು. ಮುಂದೆ ಇದು ಇಂಡೋನೇಷ್ಯಕ್ಕೂ ಹೋಗಿ ಅಲ್ಲಿ ‘ಜೆಂಬರ್’ ಎಂದು ಕರೆಯಲ್ಪಟ್ಟಿತು.

ಇದರ ಪಾನೀಯವು ಮೃದುವೂ ಸಮತೂಕವುಳ್ಳದ್ದೂ ಆಗಿದ್ದು, ಮೋಕಾ ಕಾಫಿಯನ್ನು ನೆನಪಿಗೆ ತರುವ ನವುರಾದ ಪರಿಮಳವನ್ನು ಹೊಂದಿರುವುದು. ಸುಮಾರು 1000 ಮೀಟರ್‌ಗೂ ಎತ್ತರದ, ನೆರಳುಳ್ಳ ತೋಟದಲ್ಲಿ ಹಣ್ಣು ನಿಧಾನವಾಗಿ ಮಾಗುವುದರಿಂದ ಈ ಗುಣವು ಚೆನ್ನಾಗಿ ವ್ಯಕ್ತವಾಗುವುದು. ಆದರೆ ಬೀಜದಲ್ಲಿರುವ ಗುಣವನ್ನು ಕಣದಲ್ಲಿ ಕಳೆಯುವುದು ಸುಲಭ. ಒಮ್ಮೆ ಒಂದೇ ಗುಡ್ಡದ ನೆರೆಹೊರೆಯ ಎರಡು ತೋಟಗಳ ಎಸ್. 795 ಕಾಫಿಯನ್ನು ಈ ಲೇಖಕನು ಕುಡಿದು ನೋಡಿದನು. ಒಬ್ಬರು ಕೊಯ್ದ ದಿನವೇ ಸಿಪ್ಪೆ ಬಿಡಿಸಿದ್ದರು. ಇನ್ನೊಬ್ಬರ ಹಣ್ಣು ಎರಡು ರಾತ್ರಿ ಗೋಣಿಯಲ್ಲಿಯೇ ಇದ್ದಿತು. ಮೊದಲನೆಯದು ಸವಿಯಾಗಿದ್ದಿತು, ಎರಡನೆಯದರಲ್ಲಿ ಹುಳಿತ ನಾತವಲ್ಲದೆ ಬೇರೇನೂ ಇರಲಿಲ್ಲ. ತಳಿ ಒಂದೇ, ಮಣ್ಣು ಒಂದೇ. ಕ್ರಯ ಮಾತ್ರ ಬೇರೆ.

ಇಂದು ತುಕ್ಕಿನ ಹೊಸ ಪಂಗಡಗಳು ಈ ತಳಿಯನ್ನೂ ಬಾಧಿಸುತ್ತಿರುವುದು ನಿಜ. ಆದರೆ ಅಷ್ಟಕ್ಕೇ ಒಳ್ಳೆಯ ತೋಟವನ್ನು ಕೀಳುವುದು ವಿವೇಕವಲ್ಲ. ಬೇರೆ ತಳಿಯನ್ನು ನೆಟ್ಟರೂ ಅದಕ್ಕೆ ಕೆಂಟ್ಸ್‌ನ ಗತಿ ಬಾರದೆಂಬ ಭರವಸೆಯಿಲ್ಲ. ಕೆಳಗಿನ ಕ್ರಮಗಳನ್ನು ಮೊದಲು ಅನುಸರಿಸತಕ್ಕದ್ದು:

1. ಮಳೆಗಾಲಕ್ಕೆ ಮೊದಲೂ ಮಳೆ ಕಳೆದ ಮೇಲೂ ಬೋರ್ಡೊ ದ್ರಾವಣವನ್ನು ಎಲೆಗಳ ಕೆಳಮೈಗೆ ತಗಲುವಂತೆ ಸಿಂಪಡಿಸತಕ್ಕದ್ದು. 200 ಲೀಟರ್ ದ್ರಾವಣಕ್ಕೆ ಮೈಲುತುತ್ತ 1 ಕಿಲೋಗ್ರಾಂ, ಸುಟ್ಟ ಸುಣ್ಣ 1 ಕಿಲೋಗ್ರಾಂ ಬೇಕು.

2. ನೆರಳನ್ನು ಹದವಾಗಿ ಇಡತಕ್ಕದ್ದು. ನೆರಳು ತೀರ ಕಡಿಮೆಯಾದರೆ ಬಿಳಿ ಕಾಂಡಕೊರಕದ ಹಾವಳಿ ಹೆಚ್ಚುವುದು.

3. ಚೆನ್ನಾಗಿ ಮಾಗಿದ ಕೆಂಪು ಹಣ್ಣನ್ನೇ ಕೊಯ್ದು, ಅದೇ ದಿನ ಸಿಪ್ಪೆ ಬಿಡಿಸತಕ್ಕದ್ದು.

4. ಲೋಳೆಯು ಬಿಡುವವರೆಗೆ, ಸಾಮಾನ್ಯವಾಗಿ 24ರಿಂದ 36 ಗಂಟೆ, ಹುದುಗಿಸಿ, ಶುದ್ಧ ನೀರಿನಲ್ಲಿ ತೊಳೆದು, ತೇವಾಂಶವು ಶೇಕಡ 10ಕ್ಕೆ ಇಳಿಯುವ ತನಕ ಒಣಗಿಸತಕ್ಕದ್ದು.

5. ಸಸಿಮಡಿಗೆ ತಳಿಯ ಲಕ್ಷಣ ತಪ್ಪದ, ಆರೋಗ್ಯವಾದ ಗಿಡಗಳ ಬೀಜವನ್ನೇ ಉಪಯೋಗಿಸತಕ್ಕದ್ದು.

ಗ್ರಾಮದ ಮುಖಂಡರು ಇದನ್ನು ಓದಬಾರದ ನೆರೆಯವರಿಗೆ ಓದಿ ಹೇಳಬೇಕಾಗಿ ಕೋರಿಕೆ. ಹಿಂದಿನವರು ಗಿಡವನ್ನು ಆರಿಸಿ ಕೊಟ್ಟಿರುವರು. ಅದರ ರುಚಿಯನ್ನು ಉಳಿಸುವುದು ನಮ್ಮ ಕೈಯಲ್ಲಿರುವುದು.