ಪ್ರಾರ್ಥನೆ ಬರೀ ಮುನ್ನುಡಿಯೇ?

ನಮ್ಮ ಧರ್ಮಕೇಂದ್ರಗಳ ಪಾಲನಾ ಸಮಿತಿ ಸಭೆಗಳು ಹೇಗೆ ಆರಂಭವಾಗುತ್ತವೆಂದು ನಿಮಗೆ ಗೊತ್ತು. ಎದ್ದು ನಿಂತು ಶಿಲುಬೆಯ ಗುರುತು, ಒಂದು ಪರಲೋಕ ಜಪ, ಒಂದು ನಮೋ ಮರಿಯಾ. ಆಮೇಲೆ ಹಬ್ಬದ ಖರ್ಚು, ಶಾಮಿಯಾನ, ಮೈಕ್‌ಸೆಟ್ಟು. ತೀರ್ಮಾನಗಳೆಲ್ಲ ಮೊದಲೇ ಸಿದ್ಧ. ದೇವರು ಬಂದು ಸಹಿ ಹಾಕಿದರೆ ಸಾಕು!

ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯ ತೆರೆದು ನೋಡಿ. ಕಫೆರ್ನವುಮಿನಲ್ಲಿ ಸಂಜೆ ಇಡೀ ಊರೇ ಬಾಗಿಲಲ್ಲಿ ನೆರೆದಿತ್ತು. ರೋಗಿಗಳು ಗುಣಹೊಂದಿದರು. ಮರುದಿನ ಇನ್ನೂ ಕತ್ತಲಿರುವಾಗಲೇ ಪ್ರಭು ಯೇಸು ಎದ್ದು ನಿರ್ಜನ ಸ್ಥಳದಲ್ಲಿ ಪ್ರಾರ್ಥಿಸುತ್ತಿದ್ದರು. ಜನರೆಲ್ಲ ಹುಡುಕುತ್ತಿದ್ದಾರೆಂದು ಸೀಮೋನ ಓಡಿಬಂದ. ಅವನ ಲೆಕ್ಕದಲ್ಲಿ ಅಲ್ಲೇ ಉಳಿಯುವುದು ಜಾಣತನ. ಯೇಸುವಾದರೋ ಅಕ್ಕಪಕ್ಕದ ಊರುಗಳಿಗೆ ಹೊರಟುಬಿಟ್ಟರು. ಎಲ್ಲಿಗೆ ಹೋಗಬೇಕೆಂಬುದು ಪ್ರಾರ್ಥನೆಯಲ್ಲಿ ತೀರ್ಮಾನವಾಗಿತ್ತು, ಜನರ ಬೇಡಿಕೆಯಿಂದಲ್ಲ.

ಅಂತಿಯೋಕ್ಯದ ಸಭೆಗೂ ಹೀಗೇ ಆಯಿತು. ಅವರು ಉಪವಾಸವಿದ್ದು ಆರಾಧಿಸುತ್ತಿದ್ದಾಗ ಪವಿತ್ರಾತ್ಮರು ಕೇಳಿದ್ದು ಯಾರನ್ನು? ಬಾರ್ನಬ ಮತ್ತು ಸೌಲರನ್ನು, ಇದ್ದವರಲ್ಲಿ ಅತ್ಯುತ್ತಮರನ್ನೇ! ನಮ್ಮ ಜ್ಞಾನೋಪದೇಶದ ಒಳ್ಳೆಯ ಶಿಕ್ಷಕಿಯನ್ನು ಹಳ್ಳಿಯ ಪುಟ್ಟ ಉಪಕೇಂದ್ರವೊಂದು ಕೇಳಿದರೆ ನಾವು ಬಿಟ್ಟುಕೊಡುತ್ತೇವೆಯೇ? ಪ್ರಾರ್ಥಿಸುವ ಸಭೆ ಕಳೆದುಕೊಳ್ಳಲೂ ಸಿದ್ಧವಿರಬೇಕಾಗುತ್ತದೆ. ಬಹುಶಃ ಅದಕ್ಕೇ ನಾವು ಎರಡು ನಿಮಿಷಕ್ಕೆ ಮುಗಿಸುವುದು.

ತುಮಕೂರಿನ ಸದಾಶಿವನಗರದಲ್ಲಿರುವ ನಮಗೆ ಗುಬ್ಬಿ ದೂರವಲ್ಲ, ಸುಮಾರು 20 ಕಿಲೋಮೀಟರ್. ಐರ್ಲೆಂಡಿನ ವಿಲಿಯಂ ಆರ್ಥರ್ ಎಂಬ ತರುಣ 1839ರಲ್ಲಿ ಭಾರತಕ್ಕೆ ಹೊರಟು, ಅಲ್ಲಿನ ವೆಸ್ಲಿಯನ್ ಮಿಷನ್ನಿನಲ್ಲಿ ಸೇವೆ ಮಾಡಿದರು. ಆರೋಗ್ಯ ಪೂರಾ ಕೆಟ್ಟು 1841ರಲ್ಲೇ ಮರಳಬೇಕಾಯಿತು. ಅವರು 1856ರಲ್ಲಿ ಪ್ರಕಟಿಸಿದ ಗ್ರಂಥ 'ದ ಟಂಗ್ ಆಫ್ ಫೈರ್', ಅಂದರೆ ಬೆಂಕಿಯ ನಾಲಗೆ. ಶಿಷ್ಯರು ಬೋಧನೆಗೆ ಹೊರಡುವ ಮುನ್ನ ಪ್ರಾರ್ಥಿಸುತ್ತಾ ಕಾದರಲ್ಲ, ಅದಕ್ಕೆ ಆ ಪುಸ್ತಕದಲ್ಲಿ ದೊಡ್ಡ ಸ್ಥಾನವಿದೆ. ಆರ್ಥರ್ ಕಥೋಲಿಕರಲ್ಲ, ನಿಜ. ಆದರೆ 1897ರಲ್ಲಿ ಪೋಪ್ ಹದಿಮೂರನೇ ಲಿಯೋರವರು, ಪಂಚಾಶತ್ತಮ ಹಬ್ಬಕ್ಕೆ ಮುನ್ನ ಎಲ್ಲ ಧರ್ಮಕೇಂದ್ರಗಳಲ್ಲೂ ಪವಿತ್ರಾತ್ಮರಿಗೆ ನವದಿನಗಳ ಪ್ರಾರ್ಥನೆ ನಡೆಯಲೆಂದು ವಿಧಿಸಿದ್ದು ಇದೇ ಕಾಯುವಿಕೆಯನ್ನು. ಮಾತೆ ಮರಿಯಮ್ಮನವರೂ ಆ ಮೇಲ್ಮಹಡಿಯಲ್ಲಿ ಕಾದವರೇ.

ಪ್ರಾರ್ಥನೆಯ ನೆಪದಲ್ಲಿ ಕೆಲಸ ತಪ್ಪಿಸಿಕೊಳ್ಳುವವರೂ ಇದ್ದಾರೆನ್ನಿ. ಪ್ರೇಷಿತರು ಪ್ರಾರ್ಥನೆಗೆ ಸಮಯ ಉಳಿಸಿಕೊಂಡರೂ ವಿಧವೆಯರ ಊಟವನ್ನು ಮರೆಯಲಿಲ್ಲ. ಅದಕ್ಕೆಂದೇ ಏಳು ಮಂದಿಯನ್ನು ನೇಮಿಸಿದರು.

ಈ ನವದಿನಗಳನ್ನು ಮನೆಯಲ್ಲೂ ಆಚರಿಸಬಹುದು. ಪಂಚಾಶತ್ತಮ ಭಾನುವಾರಕ್ಕೆ ಮುಂಚಿನ ಶುಕ್ರವಾರವಲ್ಲ, ಅದರ ಹಿಂದಿನ ಶುಕ್ರವಾರ ಆರಂಭಿಸಿ. ರಾತ್ರಿ ಊಟಕ್ಕೆ ಮೊದಲು ಟಿ.ವಿ. ಆರಿಸಿ, ಮೊಬೈಲುಗಳನ್ನು ಬೇರೆ ಕೋಣೆಯಲ್ಲಿಡಿ. ಜಪಸರದ ನಂತರ ಐದು ನಿಮಿಷ ಯಾರೂ ಮಾತಾಡದೆ ಕುಳಿತಿರಿ. ಮಕ್ಕಳು ಕಿಸಕ್ಕನೆ ನಕ್ಕರೆ ನಗಲಿ, ಗದರಬೇಡಿ. ಸಮಿತಿಯವರು ಆ ವಾರ ಸಭೆ ಸೇರುವುದಾದರೆ, ಕಾರ್ಯಸೂಚಿಯನ್ನು ಪ್ರಾರ್ಥನೆ ಮುಗಿದ ಮೇಲೆ ಬರೆಯಲಿ.