ಉರಿಬಿಸಿಲಿನಲ್ಲೂ ವಿಮಾನದ ಬಿಸಿ ಬೇರೆಯಾಗಿ ಕಾಣುವುದು ಹೇಗೆ?

ಪ್ರಶ್ನೆ: ಬೀದರ್ ವಾಯುನೆಲೆಯ ವಿಮಾನಗಳನ್ನು ನೋಡುತ್ತಲೇ ಬೆಳೆದವನು ನಾನು. ಇನ್‌ಫ್ರಾರೆಡ್ ಸಂವೇದಕಗಳು ವಿಮಾನವನ್ನು ಅದರ ಬಿಸಿಯಿಂದಲೇ ಪತ್ತೆಹಚ್ಚಿ ಬೆನ್ನು ಹತ್ತುತ್ತವೆ ಎಂದು ಓದಿದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ನೆಲ, ತಗಡು, ಬಂಡೆ ಎಲ್ಲವೂ ಸುಡುತ್ತಿರುತ್ತವೆ, ಮೇಲೆ ಸೂರ್ಯ ಬೇರೆ. ಇಷ್ಟರ ನಡುವೆ ವಿಮಾನವನ್ನೇ ಅದು ಹೇಗೆ ಆರಿಸಿಕೊಳ್ಳುತ್ತದೆ?
— ಓದುಗರೊಬ್ಬರು, ಡಾಬಕಾ, ಬೀದರ್ ಜಿಲ್ಲೆ

ಉತ್ತರ: ಇಂಥ ಸಂವೇದಕಗಳನ್ನು ಕಟ್ಟಿದವರನ್ನೂ ವರ್ಷಗಟ್ಟಲೆ ಕಾಡಿದ ಪ್ರಶ್ನೆ ಇದು. ಎಲ್ಲವೂ ಬಿಸಿಯಾಗಿರುವಾಗ ಒಂದರ ಬಿಸಿ ಬೇರೆಯಾಗಿ ಕಾಣುವುದು ಹೇಗೆ ಎಂಬುದು ತಾನೇ ನಿಮ್ಮ ಸಂದೇಹ? ಒಂದೊಂದಾಗಿ ನೋಡೋಣ.

ಮೊದಲು, ಇನ್‌ಫ್ರಾರೆಡ್ ಅಂದರೆ ಅವಕೆಂಪು ಕಿರಣವೆಂದರೇನು? ನಿಮ್ಮ ಜಿಲ್ಲೆಯ ಬಿದ್ರಿ ಎರಕವನ್ನೇ ತೆಗೆದುಕೊಳ್ಳಿ. ಅದರಲ್ಲಿ ಬಹುಪಾಲು ಸತು. ಸತು 419 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಲೋಹ ಮಂದಗೆಂಪಾಗಿ ಹೊಳೆಯಲು ಸುಮಾರು 525 ಡಿಗ್ರಿ ಬೇಕು. ಹೀಗಾಗಿ ಆಗಷ್ಟೇ ಕರಗಿದ ಸತು ಬೆಳ್ಳಿಯಂತೆ ಕಂಡರೂ ಹತ್ತಿರ ಬಾಗಿದವರ ಮುಖಕ್ಕೆ ಝಳ ಹೊಡೆಯುತ್ತದೆ. ಕಣ್ಣಿಗೆ ಕಾಣದೆ ಚರ್ಮಕ್ಕೆ ತಿಳಿಯುವ ಆ ಕಿರಣವೇ ಅವಕೆಂಪು. 1800ರಲ್ಲಿ ವಿಲಿಯಂ ಹರ್ಷೆಲ್ ಇದನ್ನು ಕಂಡುಹಿಡಿದದ್ದೂ ಥರ್ಮಾಮೀಟರ್ ಹಿಡಿದೇ.

ಇಲ್ಲೊಂದು ಗೊಂದಲ ಸಹಜ. ಟಿವಿ ರಿಮೋಟ್ ಅವಕೆಂಪು ಕಿರಣ ಬಿಡುತ್ತದೆ, ರಾಡಾರ್ ರೇಡಿಯೊ ಅಲೆ ಬಿಡುತ್ತದೆ. ಹಾಗೆಯೇ ಈ ಸಂವೇದಕವೂ ಏನನ್ನೋ ಬಿಟ್ಟು ಹುಡುಕುತ್ತದೆ ಎಂದು ಹಲವರು ತಿಳಿಯುತ್ತಾರೆ. ಇಲ್ಲ, ಅದು ಏನನ್ನೂ ಬಿಡುವುದಿಲ್ಲ, ಬಂದದ್ದನ್ನು ಹಿಡಿಯುತ್ತದೆ, ಅಷ್ಟೆ. ತನ್ನನ್ನು ನೋಡುತ್ತಿದ್ದಾರೆಂಬುದು ಎದುರಿನ ವಿಮಾನಕ್ಕೆ ತಿಳಿಯದಿರಲು ಇದೇ ಕಾರಣ.

ಇನ್ನು ಆಯ್ಕೆಯ ವಿಷಯ. ವಸ್ತು ಬಿಸಿಯಾದಷ್ಟೂ ಅದರ ಕಿರಣದ ತರಂಗದೂರ ಚಿಕ್ಕದಾಗುತ್ತದೆ. 50 ಡಿಗ್ರಿಗೆ ಕಾದ ನೆಲದ ಕಿರಣ ಹೆಚ್ಚು ಪ್ರಬಲವಾಗಿರುವುದು ಸುಮಾರು 9 ಮೈಕ್ರೋಮೀಟರ್‌ನಲ್ಲಿ. ಜೆಟ್ ಎಂಜಿನ್ನಿನ ಹಿಂಬಾಯಿ 600 ಡಿಗ್ರಿ ಇದೆ ಎಂದುಕೊಂಡರೆ ಅದರದ್ದು ಸುಮಾರು 3.3ರಲ್ಲಿ. 3ರಿಂದ 5 ಮೈಕ್ರೋಮೀಟರ್‌ವರೆಗಿನ ಕಿರಣಕ್ಕೆ ಗಾಳಿ ಬಹುಮಟ್ಟಿಗೆ ದಾರಿ ಬಿಡುತ್ತದೆ. ಆ ಪಟ್ಟಿಯನ್ನಷ್ಟೇ ನೋಡುವ ಸಂವೇದಕಕ್ಕೆ ಎಂಜಿನ್ ಎದ್ದು ಕಾಣುತ್ತದೆ, ನೆಲ ಮಂಕಾಗುತ್ತದೆ. ಕೆಳಗಿನಿಂದ ನೋಡುವಾಗ ಕೆಲಸ ಇನ್ನೂ ಸುಲಭ: ಏಪ್ರಿಲ್‌ನಲ್ಲೂ 10 ಕಿ.ಮೀ. ಎತ್ತರದ ಗಾಳಿ ಸೊನ್ನೆಗಿಂತ 30 ಡಿಗ್ರಿಗೂ ಕೆಳಗಿರುತ್ತದೆ.

ಸಂವೇದಕವೇ ಬಿಸಿಯಿದ್ದರೆ ಅದರ ಸ್ವಂತ ಗದ್ದಲದಲ್ಲಿ ದೂರದ ಸಂಕೇತ ಮುಳುಗಿಹೋಗುತ್ತದೆ. ಆದ್ದರಿಂದ ಇಂಡಿಯಂ ಆ್ಯಂಟಿಮೊನೈಡ್‌ನಂಥ ಸಂವೇದಕಗಳನ್ನು ಮೈನಸ್ 196 ಡಿಗ್ರಿಯ ಆಸುಪಾಸಿಗೆ ತಂಪಾಗಿಸುತ್ತಾರೆ.

ಸೂರ್ಯನ ಮಾತು ನಿಜ. ಇಂಥ ಸಂವೇದಕವನ್ನೇ ನಂಬಿದ್ದ 1950ರ ದಶಕದ ಸೈಡ್‌ವೈಂಡರ್ ಕ್ಷಿಪಣಿಗಳು ವಿಮಾನ ಬಿಟ್ಟು ಸೂರ್ಯನತ್ತ ತಿರುಗಿದ್ದುಂಟು. ಈಗಿನ ಕೆಲವು ಉಪಕರಣಗಳು ಎರಡು ಅವಕೆಂಪು ಪಟ್ಟಿಗಳನ್ನು ಹೋಲಿಸಿ ನೋಡುತ್ತವೆ: ಸೂರ್ಯನಲ್ಲಿ ಚಿಕ್ಕ ತರಂಗದೂರದ ಪಾಲು ಬಹಳ ಹೆಚ್ಚು, ಎಂಜಿನ್ನಿನಲ್ಲಿ ಹಾಗಲ್ಲ. ಬೆಂಗಳೂರಿನ ರಕ್ಷಣಾ ಸಂಶೋಧನಾಲಯ ‘ಡೇರ್’ ಕೈಗೆತ್ತಿಕೊಂಡ ಕ್ಷಿಪಣಿ ಎಚ್ಚರಿಕೆ ವ್ಯವಸ್ಥೆಯನ್ನು ‘ಎರಡು ಬಣ್ಣದ್ದು’ ಎಂದು ಕರೆಯುವುದು ಈ ಅರ್ಥದಲ್ಲೇ.

ಕೊನೆಯದು, ಬೆನ್ನು ಹತ್ತುವ ಬಗೆ. ಹಳೆಯ ಸಂವೇದಕಗಳ ಮುಂದೆ ಪಾರದರ್ಶಕ ಮತ್ತು ಕಪ್ಪು ಪಟ್ಟಿಗಳಿದ್ದ ಬಿಲ್ಲೆಯೊಂದು ತಿರುಗುತ್ತಿತ್ತು. ವಿಮಾನ ಚುಕ್ಕೆಯಷ್ಟೇ ಚಿಕ್ಕದಾದ್ದರಿಂದ ಮಿನುಗುತ್ತಿತ್ತು. ಅಗಲವಾದ ಮೋಡ ಹಲವು ಪಟ್ಟಿಗಳನ್ನು ಒಟ್ಟಿಗೆ ಆವರಿಸುವುದರಿಂದ ಮಿನುಗುತ್ತಿರಲಿಲ್ಲ. ಮಿನುಗಿನ ರೀತಿಯಿಂದ ಚುಕ್ಕೆ ಯಾವ ಕಡೆ ಸರಿದಿದೆ ಎಂದು ತಿಳಿದು, ಮೋಟಾರು ಸಂವೇದಕವನ್ನು ಆ ಕಡೆಗೇ ತಿರುಗಿಸುತ್ತಿತ್ತು. ಈಗ ಬಿಲ್ಲೆಯ ಬದಲು ಪೂರ್ತಿ ಚಿತ್ರವನ್ನೇ ಪಡೆದು, ಚುಕ್ಕೆಯ ಚಲನೆಯನ್ನು ಕಂಪ್ಯೂಟರ್ ಹಿಂಬಾಲಿಸುತ್ತದೆ. ಇದರಿಂದ ಸಿಗುವುದು ದಿಕ್ಕು ಮಾತ್ರ, ದೂರವಲ್ಲ. ದೂರ ಅಳೆಯಲು ಲೇಸರ್ ಜೋಡಿಸುತ್ತಾರೆ. ಯಲಹಂಕದ ಏರೋ ಇಂಡಿಯಾದಲ್ಲಿ ಸುಖೋಯ್-30 ನೋಡಿದರೆ, ಚಾಲಕನ ಗಾಜಿನ ಮುಂದೆ ಗೋಲಿಯಂಥ ಕಿಟಕಿ ಕಾಣುತ್ತದೆ. ಸಂವೇದಕ, ಲೇಸರ್ ಎರಡೂ ಇರುವುದು ಅದರೊಳಗೇ.

2008ರಲ್ಲಿ ಬೀದರಿಗೆ ಬಂದ ಹಾಕ್ ತರಬೇತಿ ವಿಮಾನವಾಗಲಿ, ಸೂರ್ಯಕಿರಣ ತಂಡದ ವಿಮಾನಗಳಾಗಲಿ, ಜೆಟ್ ಎಂದಮೇಲೆ ಈ ಕಣ್ಣಿಗೆ ಬೀಳಲೇಬೇಕು. ಅದಕ್ಕೆ ನಿಜವಾದ ಅಡ್ಡಿ ನಿಮ್ಮೂರಿನ ಏಪ್ರಿಲ್ ಬಿಸಿಲಲ್ಲ, ಆಷಾಢದ ಮೋಡ. ದಟ್ಟ ಮೋಡದ ನೀರಹನಿಗಳು ಅವಕೆಂಪು ಕಿರಣವನ್ನು ನುಂಗಿಬಿಡುತ್ತವೆ. ಯುದ್ಧವಿಮಾನಗಳು ರಾಡಾರನ್ನು ಇಂದಿಗೂ ಕೈಬಿಡದಿರಲು ಅದೂ ಒಂದು ಕಾರಣ.